ಲ್ಯಾಪ್‌ಟಾಪ್ ಸ್ಲೋ ಆಗಿದೆ, ಪ್ರೊಸೆಸರ್ ಬದಲಿಸಲಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲ್ಯಾಪ್‌ಟಾಪ್ ಪ್ರೊಸೆಸರ್ ಬಗ್ಗೆಯೇ ಇದ್ದವು. ಹಾಗಾಗಿ ಮೊಬೈಲ್, ವೈಫೈ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇದೊಂದನ್ನೇ ಹಿಡಿದು ಕೂತಿದ್ದೇನೆ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ನಿಮ್ಮ ಊರಿನ ಹೆಸರು ಕಾಣದಿದ್ದರೆ ಬೇಜಾರಾಗಬೇಡಿ.

ಪ್ರಶ್ನೆ: ನನ್ನದು 2013ರಲ್ಲಿ ತಗೊಂಡ ಲ್ಯಾಪ್‌ಟಾಪ್. ಕೋರ್ ಐ3-3110ಎಂ ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ತೆರೆದಿರುವುದಿಲ್ಲ. ಅಂಗಡಿಯವರು ಐ7 ಪ್ರೊಸೆಸರ್ ಹಾಕಿಕೊಡುತ್ತೇವೆ ಅನ್ನುತ್ತಿದ್ದಾರೆ. ಹಾಕಿಸಲಾ? (ಪಿಯು ಕಾಲೇಜಿನ ಉಪನ್ಯಾಸಕರು, ಶಿವಮೊಗ್ಗ)

ಉತ್ತರ: ಸರ್, ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಪ್ರೊಸೆಸರ್ ಬಿಚ್ಚಿ ಹಾಕುವ ಕಾಲ ಮುಗಿಯುವ ಹೊತ್ತಿಗೆ ಬಂದ ಲ್ಯಾಪ್‌ಟಾಪ್ ನಿಮ್ಮದು. ಆದರೆ ನೀವು ಹೇಳುವ ತೊಂದರೆಗೂ ಪ್ರೊಸೆಸರ್‌ಗೂ ಸಂಬಂಧ ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ನಿಮ್ಮ ಹಾರ್ಡ್ ಡಿಸ್ಕ್ ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಈ ತರದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲ್ ಓದಬೇಕು. ಅವು ತಟ್ಟೆಯ ಎಲ್ಲೆಲ್ಲೋ ಇರುತ್ತವೆ. ಓದುವ ಸೂಜಿ ಪ್ರತಿ ಫೈಲಿಗೂ ಅಲ್ಲಿಂದ ಇಲ್ಲಿಗೆ ಓಡಬೇಕು, ಆ ಜಾಗ ತಿರುಗಿ ಬರುವ ತನಕ ಕಾಯಬೇಕು. ಒಂದು ಸೆಕೆಂಡಿಗೆ ಸುಮಾರು ನೂರು ಸಲ ಹೀಗೆ ಓಡಾಡಿದರೆ ಅದೇ ದೊಡ್ಡದು. ಅಷ್ಟು ಹೊತ್ತೂ ನಿಮ್ಮ ಐ3 ಕೈಕಟ್ಟಿ ಕೂತಿರುತ್ತದೆ. ಅದರ ಜಾಗದಲ್ಲಿ ಐ7 ತಂದು ಕೂರಿಸಿದರೆ ಅದೂ ಹಾಗೇ ಕೈಕಟ್ಟಿ ಕೂರುತ್ತದೆ, ಅಷ್ಟೇ.

ಹಾಗಾಗಿ ಮೊದಲು ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ, ಸೂಜಿ ಇಲ್ಲದೆ ಚಿಪ್‌ನಲ್ಲೇ ಫೈಲ್ ಇಡುವ ಡಿಸ್ಕ್) ಹಾಕಿಸಿ, ಜೊತೆಗೆ ಇನ್ನೊಂದು 4 ಜಿಬಿ ರ್‍ಯಾಮ್. ಇದು ಡಿಡಿಆರ್3 ಕಾಲದ್ದು, ಡಿಡಿಆರ್4 ತಂದರೆ ಸ್ಲಾಟಿಗೆ ಕೂರುವುದೇ ಇಲ್ಲ. ಈ ಎರಡು ಆದಮೇಲೆ ಒಂದು ವಾರ ಬಳಸಿ ನೋಡಿ. ಪಾಠದ ಸ್ಲೈಡ್, ಅಂಕಪಟ್ಟಿ, ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್, ಇಷ್ಟಕ್ಕೆ ಸಾಕು ಅನ್ನಿಸಿದರೆ ಐ7 ದುಡ್ಡು ಉಳಿಯಿತು.

ಆಮೇಲೂ ಬದಲಿಸಲೇಬೇಕು ಅನ್ನಿಸಿದರೆ ಕೇಳಿ. 2011-12ರಲ್ಲಿ ಬಂದ ಇಂಟೆಲ್ ಎರಡನೇ ಮತ್ತು ಮೂರನೇ ಜನರೇಷನ್ ಪ್ರೊಸೆಸರ್‌ಗಳು 988 ಪಿನ್ನಿನ ಒಂದೇ ಸಾಕೆಟ್‌ನಲ್ಲಿ ಕೂರುತ್ತಿದ್ದವು. 2013ರ ನಾಲ್ಕನೇ ಜನರೇಷನ್‌ಗೆ ಬೇರೆ ಸಾಕೆಟ್, ಅದನ್ನು ಇದಕ್ಕೆ ಹಾಕಲು ಆಗುವುದಿಲ್ಲ. ತಮಾಷೆ ಏನೆಂದರೆ ಇದೇ 3110ಎಂ ಸಾಕೆಟ್‌ಗೆ ಕೂರುವ ರೂಪದಲ್ಲೂ ಬಂದಿತ್ತು, ಬೋರ್ಡಿಗೆ ಬೆಸುಗೆ ಹಾಕುವ ರೂಪದಲ್ಲೂ ಬಂದಿತ್ತು. ನಿಮ್ಮದು ಯಾವುದು ಅಂತ ಹೆಸರು ನೋಡಿ ಗೊತ್ತಾಗುವುದಿಲ್ಲ. ಸಿಪಿಯು-ಝಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಪ್ಯಾಕೇಜ್ ಅನ್ನೋ ಸಾಲು ನೋಡಿ. ಪಿಜಿಎ ಅಂತಿದ್ದರೆ ಬಿಚ್ಚಬಹುದು, ಬಿಜಿಎ ಅಂತಿದ್ದರೆ ಅಲ್ಲಿಗೇ ಬಿಡಿ. ಅದನ್ನೂ ಪೂರ್ತಿ ನಂಬದೆ, ಪ್ರೊಸೆಸರ್ ಮೇಲೆ ಕೂತು ಬಿಸಿ ಎಳೆಯುವ ಹೀಟ್‌ಸಿಂಕ್ ತೆಗೆದಾಗ ಕಣ್ಣಿಂದ ನೋಡಿ: ಸಾಕೆಟ್ ಇದ್ದರೆ ಪ್ರೊಸೆಸರ್ ಪಕ್ಕದಲ್ಲಿ ಚಪ್ಪಟೆ ತಲೆಯ ಒಂದು ಸ್ಕ್ರೂ ಇರುತ್ತದೆ, ಅದರ ಪಕ್ಕ ಬೀಗದ ಚಿತ್ರ ಇರುತ್ತದೆ.

ಯಾವ ಐ7 ಅನ್ನೋದೂ ಮುಖ್ಯ. ನಿಮ್ಮ ಐ3 ಸುಡುವುದು 35 ವ್ಯಾಟ್, ನಿಮ್ಮ ಫ್ಯಾನು, ತಾಮ್ರದ ಕೊಳವೆ ಎಲ್ಲ ಅಷ್ಟಕ್ಕೇ ಮಾಡಿದ್ದು. ಐ7-3610ಕ್ಯೂಎಂ 45 ವ್ಯಾಟ್, ಅದು ಬೇಡ. ಐ7-3632ಕ್ಯೂಎಂ 35 ವ್ಯಾಟ್, ನಾಲ್ಕು ಕೋರ್ (ಒಳಗೆ ಕೆಲಸ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸದ ಎಳೆ). ಅದು ಸಿಕ್ಕರೆ ಒಳ್ಳೆಯದು. ಕೊಳ್ಳುವ ಮುಂಚೆ ನಿಮ್ಮದೇ ಮಾಡೆಲ್ ಲ್ಯಾಪ್‌ಟಾಪನ್ನು ಕಂಪನಿಯವರು ನಾಲ್ಕು ಕೋರ್ ಪ್ರೊಸೆಸರ್ ಹಾಕಿ ಮಾರಿದ್ದರಾ ಅಂತ ಸರ್ವೀಸ್ ಮ್ಯಾನುಯಲ್ ನೋಡಿ. ಮಾರಿದ್ದರೆ ಬಯಾಸ್‌ಗೆ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅದರ ಪರಿಚಯ ಇರುತ್ತದೆ. ಇಲ್ಲದಿದ್ದರೆ ಹೊಸ ಪ್ರೊಸೆಸರ್ ಕೂರಿಸಿದಮೇಲೆ ಕಪ್ಪು ಸ್ಕ್ರೀನ್ ನೋಡಿಕೊಂಡು ಕೂರಬೇಕಾದೀತು.

ಕಪ್ಪು ಸ್ಕ್ರೀನ್ ನಾನೂ ನೋಡಿದ್ದೇನೆ, ಆದರೆ ಬಯಾಸ್ ತಪ್ಪಿಂದಲ್ಲ. ಅಣ್ಣನ ಮಗನ ಹಳೆ ಲ್ಯಾಪ್‌ಟಾಪ್‌ಗೆ ಹೀಗೇ ಪ್ರೊಸೆಸರ್ ಬದಲಿಸಿದೆ. ಮೂಲೆಯ ಬಂಗಾರದ ಬಣ್ಣದ ಪುಟ್ಟ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿದೆ, ಒತ್ತಡ ಹಾಕದೆ ಮೆಲ್ಲಗೆ ಇಟ್ಟೆ, ತಾನೇ ಕೂತಿತು, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಿದೆ, ಹೀಟ್‌ಸಿಂಕ್ ಬಿಗಿದೆ, ಹದಿನಾಲ್ಕು ಸ್ಕ್ರೂ ಹಾಕಿ ತಳ ಮುಚ್ಚಿದೆ. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಇಲ್ಲ. ಎರಡು ಗಂಟೆ ತಲೆಕೆಡಿಸಿಕೊಂಡು ಮತ್ತೆ ಎಲ್ಲ ಬಿಚ್ಚಿದರೆ ಆ ಬೀಗದ ಸ್ಕ್ರೂ ತಿರುಗಿಸುವುದನ್ನೇ ಮರೆತಿದ್ದೆ! ಪ್ರೊಸೆಸರ್ ಸುಮ್ನೆ ಸಾಕೆಟ್ ಮೇಲೆ ಕೂತಿತ್ತು. ಅರ್ಧ ಸುತ್ತು ತಿರುಗಿಸಿದೆ, ಬಂತು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಷನ್‌ನಿಂದ ಮೇಲಕ್ಕೆ ಮಾತ್ರ. ಮೂರನೇ ಜನರೇಷನ್ ಐ7 ಹಾಕಿದರೂ ಈ ಗೆರೆ ದಾಟಲು ಆಗುವುದಿಲ್ಲ. ಎಸ್‌ಎಸ್‌ಡಿ ಹಾಕಿಸುವಾಗಲೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳುವ ಯೋಚನೆ ಮಾಡಿ. ಕನ್ನಡ ಟೈಪ್ ಮಾಡಲು ಅದರಲ್ಲೂ ತೊಂದರೆ ಇಲ್ಲ.

ಪ್ರಶ್ನೆ: ನನ್ನದು ಕೋರ್ ಐ5-7200ಯು. ಇದನ್ನು ತೆಗೆದು ಎಂಟನೇ ಜನರೇಷನ್ ಐ7 ಹಾಕಬಹುದಾ? ರ್‍ಯಾಮ್ 8 ಜಿಬಿ ಇದೆ. (ಡಿಗ್ರಿ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಇಲ್ಲ.

ಕಾರಣ ಹೇಳುತ್ತೇನೆ. ಐದನೇ ಜನರೇಷನ್‌ನಿಂದ ಇಂಟೆಲ್‌ನವರು ಲ್ಯಾಪ್‌ಟಾಪಿಗೆ ಸಾಕೆಟ್ ಕೊಡುವುದನ್ನೇ ನಿಲ್ಲಿಸಿದರು. ಡೆಸ್ಕ್‌ಟಾಪ್ ಪ್ರೊಸೆಸರನ್ನೇ ಹಾಕಿದ ಕೆಲವು ದಪ್ಪ ಗೇಮಿಂಗ್ ಲ್ಯಾಪ್‌ಟಾಪ್ ಬಿಟ್ಟರೆ ಆಮೇಲೆ ಬಂದದ್ದೆಲ್ಲ ಬೆಸುಗೆ ಹಾಕಿದ್ದೇ. ಲ್ಯಾಪ್‌ಟಾಪ್ ತೆಳ್ಳಗಾಗಬೇಕಲ್ಲ, ಸಾಕೆಟ್‌ನ ದಪ್ಪವೇ ಅವರಿಗೆ ಭಾರ ಆಯಿತು. ನಿಮ್ಮ 7200ಯು ಕೆಳಗೆ 1356 ಬೆಸುಗೆ ಗುಂಡುಗಳಿವೆ, ಸಾಸಿವೆಗಿಂತ ಸಣ್ಣವು. ಅವೆಲ್ಲ ಒಟ್ಟಿಗೆ ಕರಗಬೇಕಾದರೆ 217 ಡಿಗ್ರಿ ದಾಟಬೇಕು. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಚಿಪ್ ಲೆವೆಲ್ ಸರ್ವೀಸ್ ಅಂತ ಬೋರ್ಡ್ ಹಾಕಿರುವವರ ಹತ್ತಿರ ಇದಕ್ಕೆ ಮಷೀನ್ ಇರುತ್ತದೆ. ಆದರೆ ಅವರು ಅದನ್ನು ಬಳಸುವುದು ಸುಟ್ಟ ಚಿಪ್ ತೆಗೆದು ಅದೇ ನಂಬರಿನದ್ದು ಕೂರಿಸೋದಕ್ಕೆ. ಬೇರೆ ಜನರೇಷನ್‌ದು ಕೂರಿಸಿದರೆ ಬಯಾಸ್ ಒಪ್ಪಬೇಕು, ಬೋರ್ಡಿನ ಪವರ್ ಸರ್ಕ್ಯೂಟ್ ತಡೆಯಬೇಕು. ಎಲ್ಲ ಸರಿಹೋದರೂ ಮೂಗಿಗಿಂತ ಮೂಗುತಿ ಭಾರ. ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ನೋಡಬಹುದು.

ನಿಜವಾಗಿ ಏನು ಸ್ಲೋ ಅಂತ ಮೊದಲು ಕಂಡುಹಿಡಿಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು ನಿಮ್ಮ ಕೆಲಸ ಮಾಡಿ. ಹ್ಯಾಂಗ್ ಆದ ಕ್ಷಣದಲ್ಲಿ ಅಲ್ಲಿಗೆ ಬಂದು ನೋಡಿ. ಡಿಸ್ಕ್ 100ಕ್ಕೆ ಅಂಟಿಕೊಂಡಿದ್ದರೆ ಡಿಸ್ಕ್‌ನದ್ದೇ ತಪ್ಪು. ಮೆಮೊರಿ 90ರ ಮೇಲೆ ಇದ್ದರೆ ರ್‍ಯಾಮ್ ಸಾಲದು. ಸಿಪಿಯು 100 ಇದ್ದರೆ ಮಾತ್ರ ಪ್ರೊಸೆಸರ್ ಮಾತು, ಅದರಲ್ಲೂ ಯಾವ ಪ್ರೋಗ್ರಾಂ ಅಷ್ಟು ತಿನ್ನುತ್ತಿದೆ ಅಂತ ಪ್ರೊಸೆಸಸ್ ಪುಟದಲ್ಲಿ ನೋಡಿ. ಎಷ್ಟೋ ಸಲ ಅದು ಎರಡೆರಡು ಆಂಟಿವೈರಸ್ ಆಗಿರುತ್ತದೆ!

ಪ್ರಶ್ನೆ: ನನ್ನ ಗೆಳೆಯನದು ಐ7, ನನ್ನದು ಐ5. ಆದರೆ ವಿಡಿಯೊ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟರೆ ನನ್ನದೇ ಬೇಗ ಮುಗಿಸುತ್ತದೆ. ಅವನಿಗೆ ಡೂಪ್ಲಿಕೇಟ್ ಕೊಟ್ಟಿದ್ದಾರಾ? ಅವನದು 7500ಯು, ನನ್ನದು 8250ಯು. (ಮದುವೆ ವಿಡಿಯೊ ಮಾಡುವವರು, ಹಾಸನ)

ಉತ್ತರ: ಡೂಪ್ಲಿಕೇಟ್ ಅಲ್ಲ, ಇಂಟೆಲ್‌ನವರ ಹೆಸರಿಡುವ ಚಾಳಿ! ಐ7-7500ಯು ಅಂದರೆ ಎರಡು ಕೋರ್, ನಾಲ್ಕು ಥ್ರೆಡ್. 2017ರಲ್ಲಿ ಬಂದ ಐ5-8250ಯು ಅಂದರೆ ನಾಲ್ಕು ಕೋರ್, ಎಂಟು ಥ್ರೆಡ್. ವಿಡಿಯೊ ಎಕ್ಸ್‌ಪೋರ್ಟ್ ಕೆಲಸವನ್ನು ತುಂಡು ಮಾಡಿ ಕೋರ್‌ಗಳಿಗೆ ಹಂಚಬಹುದು, ಮದುವೆಮನೆಯಲ್ಲಿ ಹೋಳಿಗೆ ತಟ್ಟಲು ಇಬ್ಬರ ಬದಲು ನಾಲ್ವರು ಕೂತ ಹಾಗೆ. ಬಾಕ್ಸ್ ಮೇಲೆ ನೋಡಿದರೆ ಗೆಳೆಯನದು 2.7 ಗಿಗಾಹರ್ಟ್ಸ್, ನಿಮ್ಮದು 1.6 ಅಂತ ಇರುತ್ತದೆ. ಅದು ಕನಿಷ್ಠ ಖಾತರಿ ವೇಗ. ಕೆಲಸ ಬಿದ್ದಾಗ ಅವನದು 3.5ರ ತನಕ, ನಿಮ್ಮದು 3.4ರ ತನಕ ಏರುತ್ತದೆ. ಅಲ್ಲಿಗೆ ಗಿಗಾಹರ್ಟ್ಸ್ ಜಗಳ ಮುಗಿಯಿತು, ಅಲ್ವಾ?

ಐ3, ಐ5, ಐ7 ಅನ್ನೋದು ಒಂದೇ ವರ್ಷದ ಒಂದೇ ಗುಂಪಿನೊಳಗೆ ಯಾರು ದೊಡ್ಡವರು ಅಂತ ಹೇಳುತ್ತದೆ, ಅಷ್ಟೇ. ನಾನು ಮೊದಲು ನೋಡುವುದು ಕೊನೆಯ ಅಕ್ಷರ. ಯು ಅಂದರೆ ಕಡಿಮೆ ಕರೆಂಟಿನದ್ದು, ಸುಮಾರು 15 ವ್ಯಾಟ್. ಎಚ್ ಅಂದರೆ 45 ವ್ಯಾಟ್ ಆಸುಪಾಸು, ದಪ್ಪ ಲ್ಯಾಪ್‌ಟಾಪ್, ಜೋರು ಫ್ಯಾನು. ಮದುವೆ ಸೀಸನ್‌ನಲ್ಲಿ ದಿನಾ ಎಕ್ಸ್‌ಪೋರ್ಟ್ ಹಾಕುವವರು ಯು ಇರುವ ಐ7ಗಿಂತ ಎಚ್ ಇರುವ ಐ5 ತಗೊಳ್ಳುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಇಂಟೆಲ್‌ಗೆ ಪೈಪೋಟಿ ಕೊಡುವ ಎಎಂಡಿ ಕಂಪನಿ ಕಡೆಯೂ ಇದೇ ಕಥೆ, ಒಂದು ಕೈ ಜಾಸ್ತಿಯೇ. ರೈಜನ್ 5 7520ಯು ನಂಬರ್ ನೋಡಿದರೆ ಹಳೆಯ 5500ಯುಗಿಂತ ಎಷ್ಟೋ ಮುಂದಿನದ್ದು ಅನ್ನಿಸುತ್ತದೆ. ಒಳಗೆ ಎರಡೂ 2019ರಲ್ಲಿ ಬಂದ ಝೆನ್ 2 ವಿನ್ಯಾಸವೇ. ಅದರ ಮೇಲೆ 5500ಯುನಲ್ಲಿ ಆರು ಕೋರ್, 7520ಯುನಲ್ಲಿ ನಾಲ್ಕೇ. ರೈಜನ್ 7000 ಸರಣಿಯಲ್ಲಿ ಮೂರನೇ ಅಂಕಿ ನೋಡಿ: 7520ರಲ್ಲಿ 2, ಅಂದರೆ ಝೆನ್ 2. 7530ರಲ್ಲಿ 3, 7640ರಲ್ಲಿ 4. ಸುಳಿವನ್ನು ಅವರೇ ಕೊಟ್ಟಿದ್ದಾರೆ, ಆದರೆ ಅಂಗಡಿಯಲ್ಲಿ ನಿಂತವರಿಗೆ ಮೂರನೇ ಅಂಕಿ ನೋಡಬೇಕು ಅಂತ ಯಾರು ಹೇಳಬೇಕು?

ಪ್ರಶ್ನೆ: ಮೂರು ವರ್ಷದ ಲ್ಯಾಪ್‌ಟಾಪ್. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಫ್ಯಾನ್ ಕೂಗುತ್ತದೆ, ಎಲ್ಲ ನಿಧಾನ. ಪ್ರೊಸೆಸರ್ ಹೋಗಿದೆಯಾ? (ಗೃಹಿಣಿ, ಆನ್‌ಲೈನ್ ಟ್ಯೂಷನ್ ಹೇಳುವವರು, ದಾವಣಗೆರೆ)

ಉತ್ತರ: ಇಲ್ಲ ಮೇಡಂ, ಪ್ರೊಸೆಸರ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಹೆಚ್ಚಾಗಿ 100 ಡಿಗ್ರಿ ಸೆಲ್ಸಿಯಸ್ ಮಿತಿ. ಅಲ್ಲಿಗೆ ಮುಟ್ಟಿದ ಕೂಡಲೇ ವೇಗ ಇಳಿಸಿಕೊಂಡುಬಿಡುತ್ತದೆ.

ನೀವು ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟುಕೊಂಡು ಪಾಠ ಮಾಡುತ್ತಿದ್ದರೆ ಇವತ್ತೇ ಬಿಡಿ. ಗಾಳಿ ಒಳಗೆ ಹೋಗುವ ಜಾಲರಿ ತಳದಲ್ಲೇ ಇರುತ್ತದೆ. ಮಣೆ ಮೇಲಿಟ್ಟರೂ ಸಾಕು. ಆಮೇಲೆ ಒಂದು ಸಲ ಬಿಚ್ಚಿಸಿ ಕ್ಲೀನ್ ಮಾಡಿಸಿ. ಫ್ಯಾನ್‌ಗೂ ತಾಮ್ರದ ಹಲ್ಲುಗಳಿಗೂ ನಡುವೆ ಧೂಳು ಕೂತು ಕೂತು ಹಳೆ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿರುತ್ತದೆ. ಹೊರಗಿಂದ ಊದಿದರೆ ಅದು ಹೋಗುವುದಿಲ್ಲ, ಫ್ಯಾನ್ ಬಿಚ್ಚಿ ಎಳೆದು ತೆಗೆಯಬೇಕು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿದ್ದರೆ ಹೊಸದು ಹಚ್ಚಿಸಿ. ನೀವೇ ಮಾಡುವುದಾದರೆ ಮೊದಲು ಒಳಗಿನ ಬ್ಯಾಟರಿ ಕನೆಕ್ಟರ್ ತೆಗೆಯಿರಿ, ಆಮೇಲೆ ಉಳಿದ ಕೆಲಸ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿದ್ದರೆ ಬಿಗಿಯುವಾಗ ಅದೇ ಕ್ರಮ. ವಾರಂಟಿ ಇನ್ನೂ ಇದ್ದರೆ ಮಾತ್ರ ಕೈ ಹಾಕಬೇಡಿ, ಕಂಪನಿಯವರಿಗೇ ಕೊಡಿ.

ಇದಕ್ಕೇ ಹತ್ತಿರದ ಇನ್ನೊಂದು ಕಾಯಿಲೆ ಇದೆ. ನನ್ನ ಹಳೆ ಲ್ಯಾಪ್‌ಟಾಪಿನ ಚಾರ್ಜರ್ ಹಾಳಾಯಿತು ಅಂತ ಹತ್ತಿರದ ಅಂಗಡಿಯಲ್ಲಿ ಅಗ್ಗದ್ದೊಂದು ತಂದೆ. ಅವತ್ತಿಂದ ಲ್ಯಾಪ್‌ಟಾಪ್ ಎಮ್ಮೆ ನಡಿಗೆ. ಬಿಸಿ ಇಲ್ಲ, ಫ್ಯಾನ್ ಸದ್ದಿಲ್ಲ, ಆದರೂ ನಿಧಾನ. ವಿಂಡೋಸ್ ಮತ್ತೆ ಹಾಕಿದೆ, ಅದೇ ಕಥೆ. ಕೊನೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಸ್ಪೀಡ್ 0.8 ಗಿಗಾಹರ್ಟ್ಸ್ ಆಸುಪಾಸಲ್ಲೇ ನಿಂತಿದೆ. ಚಾರ್ಜರ್ ಪಿನ್ ಕಿತ್ತರೆ ಸರಸರ ಏರುತ್ತದೆ! ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರ್ ಎಷ್ಟು ವ್ಯಾಟಿನದ್ದು ಅಂತ ಕೇಳುತ್ತವೆ, ಉತ್ತರ ಬರದಿದ್ದರೆ ಪ್ರೊಸೆಸರನ್ನು ಕಟ್ಟಿಹಾಕುತ್ತವೆ. ನಿಮ್ಮದೂ ಚಾರ್ಜರ್ ಬದಲಿಸಿದ್ದಾ, ನೆನಪು ಮಾಡಿಕೊಳ್ಳಿ.

ಪ್ರಶ್ನೆ: ಬಾಕ್ಸ್ ಮೇಲೆ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಅಂತಿದೆ. ಒಳಗೆ ನೋಡಿದರೆ ಯುಎಚ್‌ಡಿ ಗ್ರಾಫಿಕ್ಸ್ ಅಂತ ತೋರಿಸುತ್ತದೆ. ಪ್ರೊಸೆಸರ್ ಐ5-1135ಜಿ7. ಮೋಸ ಆಯಿತಾ? (ಮಂಗಳೂರು)

ಉತ್ತರ: ಪ್ರೊಸೆಸರ್‌ನಲ್ಲಿ ಮೋಸ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಒಂದೇ ಕಡ್ಡಿಯಲ್ಲಿ ಇರಬೇಕು. ಈ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ರ್‍ಯಾಮ್‌ನಿಂದಲೇ ಎರವಲು ತರಬೇಕು. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ತರುತ್ತದೆ, ಒಂದೇ ಇದ್ದರೆ ಒಂದೇ ದಾರಿ. ಆಗ ಡ್ರೈವರ್ (ಗ್ರಾಫಿಕ್ಸನ್ನು ವಿಂಡೋಸ್ ಜೊತೆ ಜೋಡಿಸುವ ಸಾಫ್ಟ್‌ವೇರ್) ತಾನೇ ಹೆಸರನ್ನು ಯುಎಚ್‌ಡಿ ಅಂತ ತೋರಿಸುತ್ತದೆ. ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಡಿಡಿಆರ್4 ಹಾಕಿ. ಹೆಸರೂ ಬದಲಾಗುತ್ತದೆ, ಗೇಮ್‌ಗಳೂ ಸಲೀಸಾಗುತ್ತವೆ.

ಪ್ರಶ್ನೆ: ಮಗಳು ಈ ವರ್ಷ ಎಂಜಿನಿಯರಿಂಗ್ ಸೇರುತ್ತಾಳೆ. ಈಗ ಸಾಧಾರಣದ್ದು ತಗೊಂಡು ಎರಡು ವರ್ಷ ಬಿಟ್ಟು ಅಪ್‌ಗ್ರೇಡ್ ಮಾಡಿಸಬಹುದಾ? (ಮೈಸೂರು)

ಉತ್ತರ: ಪ್ರೊಸೆಸರ್ ಅಂತೂ ಆಗುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ದುಡ್ಡು ಹಾಕುವುದಿದ್ದರೆ ಈಗಲೇ ಅದಕ್ಕೆ ಹಾಕಿ. ರ್‍ಯಾಮ್, ಎಸ್‌ಎಸ್‌ಡಿ ಆಮೇಲೆ ಹಾಕಬಹುದು, ಆದರೆ ಎಲ್ಲ ಲ್ಯಾಪ್‌ಟಾಪಿನಲ್ಲೂ ಅಲ್ಲ. ಎಷ್ಟೋ ತೆಳ್ಳಗಿನವುಗಳಲ್ಲಿ ಈಗ ರ್‍ಯಾಮನ್ನೂ ಬೆಸೆದುಬಿಟ್ಟಿರುತ್ತಾರೆ. 2024ರಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ರ್‍ಯಾಮ್ ಪ್ರೊಸೆಸರ್ ಜೊತೆಗೇ ಒಂದೇ ಪ್ಯಾಕೇಜಿನಲ್ಲಿದೆ. 16 ಅಥವಾ 32 ಜಿಬಿ, ತಗೊಂಡಷ್ಟೇ. ಆಪಲ್‌ನ ಎಂ1 ಮತ್ತು ಆಮೇಲಿನ ಮ್ಯಾಕ್‌ಬುಕ್‌ಗಳೂ ಹಾಗೇ. ಅಂಗಡಿಯವರಿಗೆ "ಅಪ್‌ಗ್ರೇಡ್ ಆಗುತ್ತಾ" ಅಂತ ಕೇಳಬೇಡಿ, ಅವರು ಹೂಂ ಅನ್ನುತ್ತಾರೆ. "ರ್‍ಯಾಮ್ ಸ್ಲಾಟ್ ಎಷ್ಟಿದೆ, ಖಾಲಿ ಎಷ್ಟಿದೆ" ಅಂತ ಕೇಳಿ.

ಇಂಟೆಲ್, ಎಎಂಡಿ ಬದಲು ಕ್ವಾಲ್‌ಕಾಮ್ ಕಂಪನಿಯ ಸ್ನಾಪ್‌ಡ್ರಾಗನ್ ಎಕ್ಸ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಚೆನ್ನಾಗಿ ಬರುತ್ತದೆ. ಆದರೆ ಒಳಗಿನ ಭಾಷೆಯೇ ಬೇರೆ, ಇಂಟೆಲ್‌ಗೆ ಬರೆದ ಸಾಫ್ಟ್‌ವೇರನ್ನು ಅನುವಾದ ಮಾಡಿಕೊಂಡು ಓಡಿಸುತ್ತದೆ. ಡ್ರೈವರ್‌ಗಳಿಗೆ ಆ ಅನುವಾದ ನಡೆಯುವುದಿಲ್ಲ, ಅದಕ್ಕಂತಲೇ ಬರೆದದ್ದು ಬೇಕು. ಕಾಲೇಜಿನ ಲ್ಯಾಬಿನಲ್ಲಿ ಯಾವ ಸಾಫ್ಟ್‌ವೇರ್, ಯಾವ ಕಿಟ್ ಬಳಸುತ್ತಾರೆ ಅಂತ ಸೀನಿಯರ್‌ಗಳನ್ನು ಕೇಳುವ ತನಕ ಅದನ್ನು ಕೊಳ್ಳಬೇಡಿ.

ಪ್ರಶ್ನೆ: ಪ್ರೊಸೆಸರ್ ಬದಲಿಸಲು ಆಗಲ್ಲ, ಇದೇ ಮಾಡೆಲ್‌ನ ಐ7 ಇರುವ ಹಳೆ ಮದರ್‌ಬೋರ್ಡನ್ನೇ ಹಾಕಿಕೊಡುತ್ತೇವೆ ಅಂತ ರಿಪೇರಿ ಅಂಗಡಿಯವರು ಹೇಳುತ್ತಿದ್ದಾರೆ. ನಂಬಬಹುದಾ? (ಕಲಬುರಗಿ)

ಉತ್ತರ: ದಾರಿ ಸರಿಯಾದದ್ದೇ. ಫ್ರೇಮ್‌ವರ್ಕ್ ಅನ್ನೋ ಅಮೆರಿಕದ ಕಂಪನಿ 2021ರಿಂದ ಇದೇ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಮಾಡುತ್ತಿದೆ, ಬೋರ್ಡ್ ಬದಲಿಸಿದರೆ ಹೊಸ ಜನರೇಷನ್ ಬಂತು. ಉಳಿದ ಕಂಪನಿಗಳವು ಹಾಗೆ ಮಾಡಿದ್ದಲ್ಲ, ಹಾಗಾಗಿ ಒಂದೇ ಮಾಡೆಲ್‌ದೇ ಬೋರ್ಡ್ ಬೇಕು. ಬೇರೆ ಗ್ರಾಫಿಕ್ಸ್ ಚಿಪ್ ಇರುವ ಬೋರ್ಡ್ ಆದರೆ ಅದರ ಹೀಟ್‌ಸಿಂಕ್‌ ಆಕಾರವೂ ಬೇರೆ ಇರಬಹುದು, ಅದನ್ನೂ ಕೇಳಿ ತಗೊಳ್ಳಿ. ಹಳೆ ಬೋರ್ಡಿಗೆ ಎಷ್ಟು ದಿನದ ಗ್ಯಾರಂಟಿ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದರಲ್ಲಿ ಯಾವುದಾದರೂ ಆಫೀಸಿನವರು ಹಾಕಿದ ಬಯಾಸ್ ಪಾಸ್‌ವರ್ಡ್ ಉಳಿದಿದೆಯಾ ಅಂತ ನಿಮ್ಮೆದುರೇ ಆನ್ ಮಾಡಿ ತೋರಿಸಲು ಹೇಳಿ.

ಇನ್ನು ಎರಡು ತೊಂದರೆ ಬೋರ್ಡ್ ಕೂರಿಸಿದ ಮೇಲೆ ಬರುತ್ತವೆ. ವಿಂಡೋಸ್ ಲೈಸನ್ಸ್ ಹಳೆ ಬೋರ್ಡಿಗೆ ಅಂಟಿಕೊಂಡಿದ್ದರೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ ಅಂತ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಅದನ್ನು ಮುಂಚೆಯೇ ಜೋಡಿಸಿಟ್ಟರೆ ವಾಪಸ್ ಪಡೆಯುವ ಅವಕಾಶ ಇರುತ್ತದೆ. ಎರಡನೆಯದು ಬಿಟ್‌ಲಾಕರ್, ಡಿಸ್ಕ್‌ನಲ್ಲಿರುವುದನ್ನು ಬೇರೆಯವರು ಓದದ ಹಾಗೆ ವಿಂಡೋಸ್ ಹಾಕುವ ಬೀಗ. ಡಿಸ್ಕ್‌ಗೆ ಅದರ ಬೀಗ ಬಿದ್ದಿದ್ದರೆ, ಹೊಸ ಬೋರ್ಡ್ ಕಂಡ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿರುವ ಫೋಟೊ, ದಾಖಲೆ ಯಾವುದೂ ಕೈಗೆ ಸಿಗುವುದಿಲ್ಲ, ಅಂಗಡಿಯವರೂ ಏನೂ ಮಾಡಲಾರರು. ಲ್ಯಾಪ್‌ಟಾಪ್ ಕೊಡುವ ಹಿಂದಿನ ರಾತ್ರಿ ಆ ಕೀಯನ್ನು ಒಂದು ಹಾಳೆ ಮೇಲೆ ಬರೆದು, ಆ ಹಾಳೆಯನ್ನು ಮನೆಯಲ್ಲೇ ಇಟ್ಟು ಹೋಗಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಬೇಡಿ ಮತ್ತೆ!